ಪದ ಬೇಕು: ಹಳೆ ಕತ್ತಿಯ ಮೇಲೆ ಕೂರುವ ಕಪ್ಪಿಗೆ

ಶಿರಸಿಯಿಂದ, ಮಂಗಳವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕಾಗಿದೆ. ನನ್ನ ಹತ್ತಿರ ಇರುವ ಹಳೆ ಕತ್ತಿ, ಚಾಕುಗಳನ್ನು ಬರುವ ಶನಿವಾರ ಊರವರಿಗೆ ನೋಡಲು ಇಡುತ್ತಿದ್ದೇನೆ. ಒಟ್ಟು ನಲವತ್ತೊಂದು. ಒಂದೊಂದರ ಪಕ್ಕ ಒಂದು ಚೀಟಿ. ಗುರುವಾರ ಸಂಜೆಯೊಳಗೆ ಪ್ರೆಸ್ಸಿಗೆ ಕೊಡದಿದ್ದರೆ ಆಗುವುದಿಲ್ಲ.

ಅಲಗು, ಬಾಯಿ, ಬೆನ್ನು, ಮೊನೆ, ಹಿಡಿ, ಒರೆ, ಹದ. ಇಷ್ಟಕ್ಕೆ ಯಾರನ್ನೂ ಕೇಳಬೇಕಾಗಲಿಲ್ಲ. ನಿಂತಿರುವುದು ಒಂದೇ ಮಾತಿಗೆ. ಸ್ಟೇನ್‌ಲೆಸ್ ಅಲ್ಲದ, ಹಳೆ ಕಾಲದ ಕಾರ್ಬನ್ ಉಕ್ಕಿನ ಅಲಗು ಕೆಲಸ ಮಾಡುತ್ತಾ ಮಾಡುತ್ತಾ ಬಣ್ಣ ತಿರುಗುತ್ತದಲ್ಲ? ಮೊದಲು ಬೂದಿ ಬಣ್ಣ, ಆಮೇಲೆ ನೀಲಿ, ಕೊನೆಗೆ ಕಪ್ಪು. ಅದಕ್ಕೆ ಇಂಗ್ಲಿಷಿನಲ್ಲಿ ಪ್ಯಾಟಿನಾ ಅನ್ನುತ್ತಾರೆ. ಕನ್ನಡದಲ್ಲಿ ಏನು?

ತುಕ್ಕು ಎಂದು ಮಾತ್ರ ದಯವಿಟ್ಟು ಹೇಳಬೇಡಿ. ಹಿಂದೊಮ್ಮೆ ಬೇರೆ ಊರಲ್ಲಿ ಇಟ್ಟಾಗ ನಾನೇ ಚೀಟಿಯಲ್ಲಿ 'ಅಲಗಿನ ಮೇಲೆ ಹಳೆಯ ತುಕ್ಕಿದೆ' ಎಂದು ಬರೆದಿದ್ದೆ. ಅಲ್ಲಿ ಸಹಾಯಕ್ಕೆ ಬಂದ ಹುಡುಗ ಅದನ್ನು ಓದಿ, ಪಾಪ, ಒಳ್ಳೆಯದಾಗಲಿ ಅಂತ ಪಾಲಿಶ್ ಪೇಪರ್ ತಂದು ಉಜ್ಜಿಬಿಟ್ಟ. ಅದು ನನ್ನ ಅಜ್ಜನ ಮಡಚುವ ಚಾಕು. ಇಂಗ್ಲೆಂಡಿನ ಶೆಫೀಲ್ಡ್ ಊರಿನ ಜೋಸೆಫ್ ರಾಜರ್ಸ್ ಕಂಪನಿಯದು. ಅಲಗಿನ ಬುಡದಲ್ಲಿ ಅವರ ಗುರುತು ಇತ್ತು: ಒಂದು ನಕ್ಷತ್ರ, ಪಕ್ಕದಲ್ಲಿ ಮಾಲ್ಟಾ ಶಿಲುಬೆ. ಈಗ ನಕ್ಷತ್ರದ ಮೂರು ಮೂಲೆ ಉಳಿದಿದೆ. ಶಿಲುಬೆ ಇಲ್ಲ. ಉಗುರು ಆಡಿಸಿದರೆ ಅಲ್ಲಿ ಒಂದು ಸಣ್ಣ ತಗ್ಗು ಸಿಗುತ್ತದೆ, ಅಷ್ಟೇ. ಅಜ್ಜ ಅರವತ್ತು ವರ್ಷ ಮಾವಿನಹಣ್ಣು, ಹಸಿ ಅಡಿಕೆ ಕೊಯ್ದು ಕಟ್ಟಿದ ಕಪ್ಪು ಕಾಲು ಗಂಟೆಯಲ್ಲಿ ಹೋಯಿತು. ಹುಡುಗನ ತಪ್ಪಲ್ಲ. ತಪ್ಪು ಪದದ್ದು. ಅದಕ್ಕೇ ಸರಿಯಾದ ಪದ ಬೇಕು ಅಂತ ಇಷ್ಟು ಕೇಳುತ್ತಿದ್ದೇನೆ.

ಮೈಸೂರಿನಿಂದ, ಬುಧವಾರ ಬೆಳಿಗ್ಗೆ

ಕಿಲುಬು. ನಿಘಂಟಿನಲ್ಲೇ ಇದೆ.

ಇನ್ನೊಂದು ಮಾತು. ನೀವು ಇಡುತ್ತಿರುವುದು ಚಾಕು. ಕತ್ತಿ ಎಂದರೆ ಖಡ್ಗ. ಬೋರ್ಡಿನಲ್ಲಿ ಕತ್ತಿ ಎಂದು ಬರೆದರೆ ಜನ ಅರಮನೆಯ ಖಡ್ಗ ನೋಡಲು ಬರುತ್ತಾರೆ.

ಕುಮಟಾದಿಂದ, ಬುಧವಾರ ಬೆಳಿಗ್ಗೆ

ಕಿಲುಬು ಹಿಡಿಯುವುದು ತಾಮ್ರ, ಹಿತ್ತಾಳೆಗೆ. ಹಸಿರು. ಕಬ್ಬಿಣಕ್ಕೆ ಕಿಲುಬು ಹಿಡಿದದ್ದನ್ನು ನಾನು ಕಂಡಿಲ್ಲ.

ಕತ್ತಿ ವಿಷಯ. ಮಾಸ್ತರರೆ, ನಮ್ಮ ಜಿಲ್ಲೆಯಲ್ಲಿ ಸೊಪ್ಪು ಕಡಿಯುವುದು ಕತ್ತಿ, ತೆಂಗಿನಕಾಯಿ ಒಡೆಯುವುದು ಕತ್ತಿ, ಅಡಿಕೆ ಸುಲಿಯುವುದು ಮೆಟ್ಟುಗತ್ತಿ. ಕೊಡಗಿನವರು ಸೊಂಟಕ್ಕೆ ಸಿಕ್ಕಿಸುವುದು ಪೀಚೆಕತ್ತಿ, ಒಡಿಕತ್ತಿ. ನಿಮ್ಮ ಕಡೆ ಅದು ಖಡ್ಗಕ್ಕೆ ಮಾತ್ರ ಉಳಿಯಿತು ಅಂದರೆ ನಾವೇನು ಮಾಡೋಣ? ನೀವು ಕೊಡುವ ಚಾಕು ಪಾರ್ಸಿಯಿಂದ ಬಂದದ್ದು. ಚೂರಿ ಸಂಸ್ಕೃತದ್ದು. ಕತ್ತಿ ನಮ್ಮದು.

ಧಾರವಾಡದಿಂದ, ಬುಧವಾರ ಮಧ್ಯಾಹ್ನ

ನಮ್ಮ ಕಡೆ ಜಂಗು ಅಂತಾರೆ. ಆದರೆ ಅದೂ ತುಕ್ಕೇ, ನಿಮಗೆ ಬೇಕಾದದ್ದಲ್ಲ. ಹೊಸ ಪದ ಕಟ್ಟಬಹುದು: ಮುಪ್ಪುಬಣ್ಣ. ವಿಚಾರ ಮಾಡಿ.

ಪ್ಯಾಟಿನಾ ಅಂತ ಮಾತ್ರ ಬರೆಯಬೇಡಿ. ಕತ್ತಿಯ ವಿಷಯದಲ್ಲಿ ಅವರೇ ನಮ್ಮಿಂದ ಸಾಲ ತಗೊಂಡವರು. ಉಕ್ಕು ಅನ್ನೋ ನಮ್ಮ ಮಾತೇ ಇಂಗ್ಲಿಷಿನಲ್ಲಿ ವೂಟ್ಜ್ ಆಯಿತು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪ್ರಬಂಧದಲ್ಲಿ ಆ ಹೆಸರು ಅಚ್ಚಾಗಿದೆ. ಲಂಡನ್ನಿನಲ್ಲಿ ಚಾಕು ಮಾಡುತ್ತಿದ್ದ ಜೇಮ್ಸ್ ಸ್ಟೋಡಾರ್ಟ್ ಆ ಉಕ್ಕನ್ನೇ ಮೆಚ್ಚಿ ಬಳಸಿದ. ಮುಂದೆ ಮೈಕೆಲ್ ಫ್ಯಾರಡೆ ಜೊತೆ ಸೇರಿ ಅದರ ಮೇಲೆ ಪ್ರಯೋಗ ಮಾಡಿದ. ಇವತ್ತು ನಿಮ್ಮಂಥ ಸಂಗ್ರಹಕಾರರು ಅಲೆ ಅಲೆ ಗೆರೆಯ ಅಲಗು ಕಂಡು ಡಮಾಸ್ಕಸ್, ಡಮಾಸ್ಕಸ್ ಅಂತ ಕುಣಿಯೋದು ನಮ್ಮ ಉಕ್ಕಿಗೇ. ಚೀಟಿಯಲ್ಲಿ ಅದನ್ನೂ ಉಕ್ಕು ಅಂತಲೇ ಬರೆಯಿರಿ.

ಶಿರಸಿಯಿಂದ, ಬುಧವಾರ ಸಂಜೆ

ಧಾರವಾಡದ ಸರ್, ಉಕ್ಕಿನ ಮೇಲೆ ನಿಮಗಿರುವ ಪ್ರೀತಿ ನನಗೂ ಇದೆ. ಆದರೆ ಎರಡನ್ನೂ ಒಂದೇ ಮಾಡಬೇಡಿ. ನಮ್ಮ ಹಳೆ ಉಕ್ಕು ಮೂಸೆಯಲ್ಲಿ ಕರಗಿಸಿ ಮಾಡಿದ್ದು. ಅದರ ಅಲೆ ಅಲೆ ಗೆರೆ ಉಕ್ಕಿನ ಒಳಗಿಂದಲೇ ಬರುತ್ತದೆ. ಈಗ ಡಮಾಸ್ಕಸ್ ಹೆಸರಲ್ಲಿ ಮಾರುವ ಚಾಕುಗಳಲ್ಲಿ ಹೆಚ್ಚಿನವು ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು, ಮಡಚಿ, ಬಡಿದು ಮಾಡಿದವು. ಅಮೆರಿಕದ ಬಿಲ್ ಮೊರಾನ್ 1973ರಲ್ಲಿ ಚಾಕು ಕೆಲಸದವರ ಮೇಳದಲ್ಲಿ ಅಂಥವನ್ನು ತಂದಿಟ್ಟ ಮೇಲೆ ಅಲ್ಲಿ ಆ ಕಲೆಗೆ ಮತ್ತೆ ಜೀವ ಬಂತು. ಮೊರಾನ್ ಮೇಲೆ ನನಗೆ ತುಂಬಾ ಗೌರವ. ಆದರೆ ಅದು ಬೆಸೆದ ಉಕ್ಕು, ಮೂಸೆಯ ಉಕ್ಕಲ್ಲ. ಚೀಟಿಯಲ್ಲಿ 'ಪದರದ ಉಕ್ಕು' ಎಂದು ಬರೆದಿದ್ದೇನೆ.

ಮುಪ್ಪುಬಣ್ಣ ಬೇಡ. ಅಲಗಿಗೆ ಮುಪ್ಪು ಬಂದಿರುವುದಿಲ್ಲ. ನನ್ನ ಹತ್ತಿರ ಒಂದು ಒಪಿನೆಲ್ ಇದೆ, ಎಂಟನೇ ನಂಬರು. ಫ್ರಾನ್ಸಿನ ಸವಾಯ್ ಬೆಟ್ಟದ ಸೀಮೆಯಲ್ಲಿ 1890ರಿಂದ ಬಂದ ಮಾದರಿ. ಬೀಚ್ ಮರದ ಹಿಡಿ, ಅಲಗಿನ ಮೇಲೆ ಕಿರೀಟ ಇಟ್ಟ ಕೈಯ ಗುರುತು. ಕೊಂಡು ಒಂದು ವಾರ ಆಗಿರಲಿಲ್ಲ. ನಿಂಬೆಹಣ್ಣು ಕೊಯ್ದು ಒರೆಸದೆ ಇಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ನವಿಲುಗರಿಯ ಹಾಗೆ ನೀಲಿ. ಒಂದು ವಾರದ ಚಾಕುವಿಗೆ ಮುಪ್ಪು ಎನ್ನಲು ಬರುತ್ತದಾ?

ಜಪಾನಿನ ಮಿಕಿ ಊರಿನ ಹಿಗೊನೊಕಾಮಿ ಒಂದಿದೆ. ಹಿತ್ತಾಳೆ ತಗಡು ಮಡಚಿ ಮಾಡಿದ ಹಿಡಿ, ಅಲಗು ತೆರೆಯಲು ಹೆಬ್ಬೆರಳಿಗೆ ಸಣ್ಣದೊಂದು ಬಾಲ. ಅದರಲ್ಲಿ ಹಿಡಿಗೆ ಕಿಲುಬು, ಅಲಗಿಗೆ ಈ ಕಪ್ಪು. ಎರಡೂ ಒಂದೇ ಚಾಕುವಿನಲ್ಲಿ ಪಕ್ಕಪಕ್ಕ ಕೂತಿವೆ. ಮೈಸೂರಿನ ಮಾಸ್ತರರು ಬಂದರೆ ಕೈಗೇ ಕೊಡುತ್ತೇನೆ. ಎರಡಕ್ಕೂ ಒಂದೇ ಪದ ಸಾಲುವುದಿಲ್ಲ ಅಂತ ಅವರೇ ಹೇಳುತ್ತಾರೆ.

ಇನ್ನು ಕತ್ತಿ-ಚಾಕು ಜಗಳಕ್ಕೆ ನನ್ನ ಉತ್ತರ: ಬೋರ್ಡಿನಲ್ಲಿ ಎರಡೂ ಇರುತ್ತವೆ. ಮಡಚುವುದು ಚಾಕು, ಮಡಚದ್ದು ಕತ್ತಿ. ನನ್ನ ಮನೆಯಲ್ಲಿ ಹಾಗೇ ಅನ್ನುವುದು.

ಕುಮಟಾದಿಂದ, ಬುಧವಾರ ರಾತ್ರಿ

ಕರೆ.

ಬೆಳಿಗ್ಗೆಯೇ ಬರೆಯಬೇಕಿತ್ತು, ಕತ್ತಿಯ ಗಲಾಟೆಯಲ್ಲಿ ಮರೆತೆ. ನಮ್ಮ ಮನೆಯಲ್ಲಿ ಅಡಿಕೆ ಸುಲಿಯಲು ಬರುತ್ತಿದ್ದವರ ಬೆರಳು ನೆನಪಿದೆಯಾ? ಹಸಿ ಅಡಿಕೆಯ ರಸ ತಾಗಿ ತಿಂಗಳುಗಟ್ಟಲೆ ಕಪ್ಪು. ಅದಕ್ಕೆ ಕರೆ ಅನ್ನುತ್ತೇವೆ. ಬಾಳೆಕಾಯಿ ಹೆಚ್ಚಿದರೆ ಬಾಳೆ ಕರೆ. ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ಕೈಗೆ ಹತ್ತಿದ್ದು ಅದೇ, ಮೆಟ್ಟುಗತ್ತಿಗೆ ಹತ್ತಿದ್ದೂ ಅದೇ. ನಾನು ಸಣ್ಣವನಿದ್ದಾಗ ಹುಣಸೆಹಣ್ಣು, ಬೂದಿ ಹಾಕಿ ಮೆಟ್ಟುಗತ್ತಿ ತಿಕ್ಕಲು ಕೂತಿದ್ದೆ. ಸುಲಿಯಲು ಬಂದಿದ್ದ ಅಜ್ಜಿಯೊಬ್ಬರು ಕೈ ಹಿಡಿದು ನಿಲ್ಲಿಸಿದರು. "ಕರೆ ಇರ್ಲಿ ಬಿಡಾ, ಅದಿದ್ರೆ ತುಕ್ಕು ಹತ್ತೂಕೆ ಬಿಡುದಿಲ್ಲ" ಅಂದರು.

ನೀವು ಕೇಳಿದ್ದು ಇದೇ ಅಲ್ವಾ? ತುಕ್ಕು ಕೆಂಪು, ಸಡಿಲ, ಕೆಳಗಿನ ಕಬ್ಬಿಣವನ್ನು ತಿನ್ನುತ್ತಾ ಹೋಗುತ್ತದೆ. ಕರೆ ಕಪ್ಪು, ತೆಳು, ಅಲಗಿಗೆ ಅಂಟಿ ಕೂತು ತುಕ್ಕನ್ನು ತಡೆಯುತ್ತದೆ. ಅಡಿಕೆಯ ಒಗರು ಕಬ್ಬಿಣದ ಜೊತೆ ಸೇರಿ ಕಪ್ಪಾಗುವುದು. ಅಳಲೆಕಾಯಿ ರಸಕ್ಕೆ ಅನ್ನಭೇದಿ, ಅಂದರೆ ಕಬ್ಬಿಣದ ಉಪ್ಪು, ಹಾಕಿ ಮಸಿ ಮಾಡುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. ಸುಲಿಯುವ ಅಜ್ಜಿಯ ಬಾಯಲ್ಲಿ ಪದ ಇರುವಾಗ ಹೊಸದು ಕಟ್ಟುವುದು ಯಾಕೆ?

ಮೈಸೂರಿನಿಂದ, ಗುರುವಾರ ಬೆಳಿಗ್ಗೆ

ಕಿಲುಬು ವಾಪಸು ತೆಗೆದುಕೊಳ್ಳುತ್ತೇನೆ. ಆದರೆ 'ಕರೆ' ಬರೆದರೆ ನಮ್ಮ ಕಡೆಯವರು ಫೋನ್ ಕರೆ ಎಂದು ಓದುತ್ತಾರೆ. ಕಲೆ ಎಂದು ಬರೆಯಿರಿ, ಎಲ್ಲರಿಗೂ ತಿಳಿಯುತ್ತದೆ.

ಮೂಲವನ್ನೂ ಸರಿಯಾಗಿ ತಿಳಿದುಕೊಳ್ಳಿ. ಇದು ರ ಅಲ್ಲ, ಹಳೆಗನ್ನಡದ ಇನ್ನೊಂದು ರ, ಶಕಟರೇಫ: ಕಱೆ. ಶಿವನಿಗೆ ಹಳೆಗನ್ನಡದಲ್ಲಿ ಕಱೆಗೊರಲ, ಅಂದರೆ ಕಪ್ಪು ಕೊರಳಿನವನು, ಎಂಬ ಹೆಸರಿರುವುದು ಇದರಿಂದ. ದಡ ಎಂಬ ಅರ್ಥದ ಕರೆ ಬೇರೆ. ತಮಿಳರು ಕಱೈ, ಕರೈ ಎಂದು ಇವತ್ತಿಗೂ ಎರಡನ್ನೂ ಬೇರೆ ಇಟ್ಟುಕೊಂಡಿದ್ದಾರೆ. ನಾವು ಱ ಬಿಟ್ಟೆವು, ಈಗ ಒದ್ದಾಡುತ್ತಿದ್ದೇವೆ. ಚೀಟಿಯಲ್ಲಿ ಱ ಹಾಕಿ. ಒಂದು ಅಕ್ಷರವಾದರೂ ಉಳಿಯಲಿ.

ಕಾರವಾರದಿಂದ, ಗುರುವಾರ ಬೆಳಿಗ್ಗೆ

ಱ ಹಾಕಿದರೆ ಶನಿವಾರ ಬರುವ ಶಾಲೆ ಮಕ್ಕಳಲ್ಲಿ ಒಬ್ಬರೂ ಓದುವುದಿಲ್ಲ. ಕಲೆಯೂ ಬೇಡ. ಕತ್ತಿಯ ಪ್ರದರ್ಶನದಲ್ಲಿ ಕಲೆ ಎಂದರೆ ಕುಶಲ ಕಲೆ ಎಂದೇ ಓದುತ್ತಾರೆ.

ಸುಮ್ನೆ ಪ್ಯಾಟಿನಾ ಎಂದು ಬರೆದರೆ ಏನಾಗುತ್ತದೆ? ನನ್ನ ಮನೆಮಾತು ಕೊಂಕಣಿ. ನಿಮ್ಮ ಮೆಟ್ಟುಗತ್ತಿಗೆ ನಾವು ಆದೊಳಿ ಅನ್ನುತ್ತೇವೆ, ಚೂರಿಗೆ ಸುರಿ. ಅದರಲ್ಲಿ ಹೆಚ್ಚುವ ಬಟಾಟೆ, ಅನಾನಸು ಎರಡೂ ಪೋರ್ಚುಗೀಸರ ಜೊತೆ ಬಂದ ಹೆಸರು. ಮನೆಯ ಚಾವಿಯೂ ಅವರದ್ದೇ. ಯಾರಾದರೂ ಅದನ್ನು ಬಾಯಿಂದ ಹೊರಗೆ ಹಾಕಿದ್ದಾರಾ? ಕರಾವಳಿಯಲ್ಲಿ ಹುಟ್ಟಿದವರು ಹಡಗಿನಲ್ಲಿ ಬಂದ ಪದಕ್ಕೆ ಹೆದರಬಾರದು.

ಕುಮಟಾದಿಂದ, ಗುರುವಾರ ಬೆಳಿಗ್ಗೆ

ಬಟಾಟೆ ಇಲ್ಲಿ ಬೆಳೆಯುತ್ತಿರಲಿಲ್ಲ. ವಸ್ತು ಬಂತು, ಹೆಸರೂ ಬಂತು. ಕರೆ ಇಲ್ಲಿಯೇ ಇದೆ, ಹೆಸರೂ ಇದೆ. ಎರಡೂ ಒಂದೇ ಅಲ್ಲ. ನನ್ನ ಮಾತು ಮುಗಿಯಿತು.

ಧಾರವಾಡದಿಂದ, ಗುರುವಾರ ಮಧ್ಯಾಹ್ನ

ಕರೆ ಒಪ್ಪಿದೆ. ಪದರದ ಉಕ್ಕು ಒಪ್ಪಿಲ್ಲ. ಅದನ್ನು ಬೇರೆ ಪತ್ರದಲ್ಲಿ ನೋಡೋಣ.

ಶಿರಸಿಯಿಂದ, ಗುರುವಾರ ಸಂಜೆ

ಪ್ರೆಸ್ಸಿನಿಂದ ಈಗ ಬಂದೆ. ಕರೆ ಎಂದೇ ಕೊಟ್ಟಿದ್ದೇನೆ, ರ ಅಕ್ಷರದಲ್ಲಿ. ಮಾಸ್ತರರ ಆತಂಕ ಸರಿಯಾದದ್ದು. ಅದಕ್ಕೇ ಎಲ್ಲೂ ಕರೆ ಎಂದು ಒಂಟಿಯಾಗಿ ಬಿಟ್ಟಿಲ್ಲ. 'ಕರೆ ಕಟ್ಟಿದ ಅಲಗು', 'ಅಡಿಕೆ ಕರೆ', 'ನಿಂಬೆ ಕರೆ' ಎಂದು ಬರೆದಿದ್ದೇನೆ. ಹೀಗೆ ಬರೆದರೆ ಫೋನು ಯಾರಿಗೂ ನೆನಪಾಗುವುದಿಲ್ಲ. ನಿಂಬೆ ಕರೆ ಎನ್ನುವುದು ನಾನು ಹಿಗ್ಗಿಸಿದ್ದು, ಒಪ್ಪಿಕೊಳ್ಳುತ್ತೇನೆ. ನಿಂಬೆಯಲ್ಲಿ ಒಗರಿಲ್ಲ, ಹುಳಿಯಿಂದ ಆಗುವುದು ಅದು. ಆದರೆ ಅಲಗಿನ ಮೇಲೆ ಕೂತ ಮೇಲೆ ಎರಡೂ ಒಂದೇ ಕೆಲಸ ಮಾಡುತ್ತವೆ.

ನಿನ್ನೆ ಸಂಜೆ ಕುಲುಮೆಗೂ ಹೋಗಿದ್ದೆ. ಆಚಾರಿಗೆ ಈಗ ಎಪ್ಪತ್ತು ದಾಟಿದೆ. ಲಾರಿಯ ಹಳೆ ಸ್ಪ್ರಿಂಗ್ ಪಟ್ಟಿಯಿಂದ ಸೊಪ್ಪಿನ ಕತ್ತಿ ಬಡಿಯುತ್ತಿದ್ದರು. ನಾನು ಅವರಿಗೆ ಅಮೆರಿಕದ ಚಾಕು ಕೆಲಸದವ ಬಾಬ್ ಲವ್‌ಲೆಸ್ ಕಥೆ ಹೇಳಿದೆ. ನ್ಯೂಯಾರ್ಕಿನ ಅಂಗಡಿಯಲ್ಲಿ ರ‍್ಯಾಂಡಲ್ ಚಾಕು ಕೇಳಿದರೆ ತಿಂಗಳುಗಟ್ಟಲೆ ಕಾಯಬೇಕು ಎಂದರಂತೆ. ಆತ ಕಾಯಲಿಲ್ಲ. ಗುಜರಿಯಲ್ಲಿದ್ದ ಪ್ಯಾಕಾರ್ಡ್ ಕಾರಿನ ಸ್ಪ್ರಿಂಗಿನಿಂದ ತಾನೇ ಒಂದು ಮಾಡಿಕೊಂಡ. 2010ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವನ ಒಂದೊಂದು ಚಾಕುವಿಗೂ ಸಂಗ್ರಹಕಾರರು ಸಾವಿರಾರು ಡಾಲರ್ ಕೊಡುತ್ತಿದ್ದರು. ಆಚಾರಿ ಬಡಿಯುವುದನ್ನು ನಿಲ್ಲಿಸಿ ಕೇಳಿದ್ದು ಒಂದೇ ಪ್ರಶ್ನೆ: "ಹದ ಯಾವುದ್ರಲ್ಲಿ ಕೊಟ್ಟ, ನೀರಲ್ಲೋ ಎಣ್ಣೇಲೋ?" ಆ ಮೊದಲ ಚಾಕುವಿನ ಬಗ್ಗೆ ಹೀಗೆ ಕೇಳಿದವರನ್ನು ನಾನು ಬೇರೆ ನೋಡಿಲ್ಲ. ಅವರ ಕತ್ತಿಯ ಬೆನ್ನಿಗೆ ಉಳಿಯಲ್ಲಿ ಹೊಡೆದ ಮೂರು ಗೀಟು ಇರುತ್ತದೆ. ಹೆಸರಿಲ್ಲ, ಆ ಮೂರು ಗೀಟೇ ಗುರುತು. ರಾಜರ್ಸ್ ನಕ್ಷತ್ರದ ಪಕ್ಕದಲ್ಲೇ ಅದನ್ನು ಇಡುತ್ತಿದ್ದೇನೆ.

ಅಜ್ಜನ ಚಾಕುವಿನ ಚೀಟಿ ಹೀಗಿದೆ:

"ಮಡಚುವ ಚಾಕು. ಶೆಫೀಲ್ಡ್, ಜೋಸೆಫ್ ರಾಜರ್ಸ್. ಇದರ ಮೇಲಿದ್ದ ಅಡಿಕೆ ಕರೆಯನ್ನು ತುಕ್ಕು ಎಂದು ತಿಳಿದು ಉಜ್ಜಲಾಗಿದೆ. ಪಕ್ಕದಲ್ಲಿರುವ ಮೆಟ್ಟುಗತ್ತಿಯಲ್ಲಿ ಕರೆ ಹಾಗೇ ಇದೆ. ಎರಡನ್ನೂ ಹೋಲಿಸಿ ನೋಡಿ. ನಿಮ್ಮ ಮನೆಯ ಕತ್ತಿಯ ಕರೆ ತೆಗೆಯಬೇಡಿ. ಮಳೆಗಾಲದಲ್ಲಿ ಒರೆಸಿ, ತೆಂಗಿನೆಣ್ಣೆ ಸವರಿ, ತೊಗಲಿನ ಒರೆಯಿಂದ ಹೊರಗೆ ಇಡಿ."

ಕೊನೆಯ ಮಾತು ಯಾಕೆ ಅಂದರೆ ತೊಗಲು ನೀರು ಹಿಡಿದುಕೊಳ್ಳುತ್ತದೆ. ಕಾರವಾರದಂಥ ಉಪ್ಪು ಗಾಳಿಯ ಊರಲ್ಲಿ ಒಂದು ಜೂನ್ ಸಾಕು, ಒರೆಯೊಳಗೇ ಅಲಗು ಕೆಂಪಾಗುತ್ತದೆ.

ಕುಮಟಾದವರಿಗೆ ವಿಶೇಷ ಧನ್ಯವಾದ. ಆ ಅಜ್ಜಿಯ ಮಾತನ್ನು ಬಾಗಿಲ ಹತ್ತಿರದ ಬೋರ್ಡಿನಲ್ಲಿ ಹಾಕಬಹುದಾ? ಪ್ರೆಸ್ಸಿನವರು ನಾಳೆ ಹತ್ತು ಗಂಟೆವರೆಗೆ ಕಾಯುತ್ತಾರೆ. 'ಹತ್ತೂಕೆ' ಎಂದೇ ಇರಲೋ, 'ಹತ್ತಲಿಕ್ಕೆ' ಎಂದು ಮಾಡಲೋ? ನನಗೆ ಅವರು ಅಂದ ಹಾಗೇ ಇರಬೇಕು ಎಂದು ಆಸೆ.