ಕೀಮೋಗೆ ಮೂರೇ ವಾರ ಇದೆ, ಅಂಡಾಣು ತೆಗೆಸಿಡೋಕೆ ಸಮಯ ಸಾಕಾ?

ತುಂಗಾತೀರ: ತಂಗಿಗೆ 29 ವರ್ಷ, ಮದುವೆಯಾಗಿಲ್ಲ. ಸ್ತನ ಕ್ಯಾನ್ಸರ್ ಆಪರೇಷನ್ ಆಗಿದೆ, ಗಡ್ಡೆ ಹಾರ್ಮೋನ್ ಪಾಸಿಟಿವ್, ಅಂದರೆ ಈಸ್ಟ್ರೋಜನ್‌ನಂಥ ಹಾರ್ಮೋನ್‌ನಿಂದ ಬೆಳೆಯುವಂಥದ್ದು. ಮುಟ್ಟಾಗಿ ಹತ್ತು ದಿನ ಕಳೆದಿದೆ. ಮುಂದಿನ ಮುಟ್ಟಿನ ತನಕ ಕಾಯಲೇಬೇಕಾ? ಅಂಡಾಣು ಬೆಳೆಸಲು ಕೊಡುವ ಇಂಜೆಕ್ಷನ್‌ನಿಂದ ಈಸ್ಟ್ರೋಜನ್ ಏರಿದರೆ ಕಾಯಿಲೆ ಮರುಕಳಿಸುತ್ತೆ ಅಂತ ಅಮ್ಮನಿಗೆ ಭಯ.

ಸಂಪಿಗೆ: ಕಾಯಬೇಡಿ. ಮುಟ್ಟಿನ ಲೆಕ್ಕ ನೋಡದೆ ಯಾವ ದಿನ ಬೇಕಾದರೂ ಇಂಜೆಕ್ಷನ್ ಶುರು ಮಾಡಬಹುದು, ಒಟ್ಟು ಎರಡು ವಾರದ ಕೆಲಸ. ಅಮ್ಮನ ಭಯ ಸುಮ್ಮನೆ ಅಲ್ಲ, ಅದಕ್ಕೇ ಜೊತೆಯಲ್ಲಿ ದಿನಾ ಲೆಟ್ರೋಜೋಲ್ ಮಾತ್ರೆ, ಸಾಮಾನ್ಯವಾಗಿ 5 ಮಿ.ಗ್ರಾಂ, ಕೊಡುತ್ತಾರೆ. ಈಸ್ಟ್ರೋಜನ್ ಏರದಂತೆ ಅದು ಹಿಡಿದಿಡುತ್ತದೆ. ಅಂಡಾಣು ತೆಗೆದ ಮೇಲೂ ಮಟ್ಟ ಇಳಿಯುವ ತನಕ ಮಾತ್ರೆ ಮುಂದುವರಿಯುತ್ತದೆ.

ಕೊನೆಗೆ ಅಂಡಾಣು ಪಕ್ವವಾಗಲು ಕೊಡುವ ಟ್ರಿಗರ್ ಇಂಜೆಕ್ಷನ್ ಯಾವುದು ಅಂತ ಕೇಳಿ. ಎಚ್‌ಸಿಜಿ ಹಾರ್ಮೋನ್ ಕೊಟ್ಟರೆ ಕೆಲವರಿಗೆ ಅಂಡಾಶಯ ಊದಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಕೀಮೋ ಮುಂದಕ್ಕೆ ಹೋಗುತ್ತದೆ. ಲ್ಯುಪ್ರೊಲೈಡ್ ಥರದ್ದಾದರೆ ಆ ಅಪಾಯ ಬಹಳ ಕಡಿಮೆ. ಟ್ರಿಗರ್ ಆಗಿ 34–36 ಗಂಟೆಗೆ ಮಂಪರು ಕೊಟ್ಟು, ಸ್ಕ್ಯಾನ್ ನೋಡುತ್ತಾ ಯೋನಿಯ ಮೂಲಕ ಸೂಜಿ ಹಾಕಿ ತೆಗೆಯುತ್ತಾರೆ. ಹೊಲಿಗೆ ಇರಲ್ಲ. ಇದೆಲ್ಲ ಮೊದಲ ಕೀಮೋಗೆ ಮುಂಚೆಯೇ ಮುಗಿಯಬೇಕು. ಸೈಕ್ಲೋಫಾಸ್ಫಮೈಡ್ ನೇರವಾಗಿ ಅಂಡಾಣುಗಳಿಗೇ ಪೆಟ್ಟು ಕೊಡುವ ಕೀಮೋ ಔಷಧ.

ಕರಾವಳಿ ಓದುಗ: ಒಂದು ಸೇರಿಸ್ತೀನಿ. ಕೀಮೋ ವೇಳೆ ಅಂಡಾಶಯವನ್ನು ಮಲಗಿಸಿಡಲು ಗೋಸೆರೆಲಿನ್ ಇಂಜೆಕ್ಷನ್ 3.6 ಮಿ.ಗ್ರಾಂ ಅನ್ನು 28 ದಿನಕ್ಕೊಮ್ಮೆ ಹೊಟ್ಟೆಯ ಚರ್ಮದಡಿ ಹಾಕುತ್ತಾರೆ. ಮೊದಲ ಡೋಸ್ ಕೀಮೋಗೆ ಒಂದು ವಾರ ಮುಂಚೆ ಆಗಿರಬೇಕು. ಇದು ಸಹಾಯಕ ಅಷ್ಟೆ. ಇದೊಂದನ್ನೇ ನಂಬಿ ಅಂಡಾಣು ಫ್ರೀಜಿಂಗ್ ಬಿಡೋದು ನನ್ನ ಪ್ರಕಾರ ಸರಿಯಲ್ಲ.

ತುಂಗಾತೀರ: ಕೀಮೋ ಆದ ಮೇಲೆ ಈಸ್ಟ್ರೋಜನ್ ತಡೆಯುವ ಟ್ಯಾಮೋಕ್ಸಿಫೆನ್ ಮಾತ್ರೆ ಐದು ವರ್ಷ ಅಂದಿದ್ದಾರೆ. ಅಲ್ಲಿ ತನಕ ಮಗು ಬೇಡ ಅಂತಲೇ?

ಸಂಪಿಗೆ: ಹಾಗೇನಿಲ್ಲ. 2023ರಲ್ಲಿ ಬಂದ ‘ಪಾಸಿಟಿವ್’ (POSITIVE) ಹೆಸರಿನ ಅಧ್ಯಯನದಲ್ಲಿ 18–30 ತಿಂಗಳು ಔಷಧ ತಗೊಂಡ ಮೇಲೆ ಗರ್ಭಕ್ಕಾಗಿ ಎರಡು ವರ್ಷದ ತನಕ ಬಿಡುವು ಕೊಟ್ಟರು. ಮೂರು ವರ್ಷದಲ್ಲಿ ಕಾಯಿಲೆ ಮರಳಿದ್ದು 8.9% ಜನರಿಗೆ, ಹೋಲಿಕೆಯ ಗುಂಪಿನಲ್ಲಿ 9.2%. ಇವು ಆರಂಭದ ವರ್ಷಗಳ ಅಂಕಿ, ಆದ್ದರಿಂದ ನಿರ್ಧಾರ ಆಂಕಾಲಜಿಸ್ಟ್ ಜೊತೆಗೇ ಆಗಲಿ. ಮಾತ್ರೆ ನಿಲ್ಲಿಸಿ ಮೂರು ತಿಂಗಳು ಬಿಟ್ಟು ಪ್ರಯತ್ನಿಸಬೇಕು. ಮಾತ್ರೆ ನಡೆಯುವಾಗ ಮುಟ್ಟು ನಿಂತಿದ್ದರೂ ಗರ್ಭ ನಿಲ್ಲಬಹುದು, ಮಗುವಿನ ಅಂಗಗಳಿಗೆ ತೊಂದರೆಯಾಗಬಹುದು. ಕಾಪರ್-ಟಿ ಅಥವಾ ಕಾಂಡೋಮ್ ಬೇಕು, ಹಾರ್ಮೋನ್ ಗುಳಿಗೆ ಬೇಡವೇ ಬೇಡ.

ಕರಾವಳಿ ಓದುಗ: ನಾಳೆಯೇ ಫರ್ಟಿಲಿಟಿ ಕ್ಲಿನಿಕ್‌ಗೆ ಹೊರಡಿ. ಬಯಾಪ್ಸಿ ರಿಪೋರ್ಟ್, ಕೀಮೋ ಪ್ಲಾನ್, ಆಪರೇಷನ್‌ಗೆ ಮಾಡಿಸಿದ್ದ ಎಚ್‌ಐವಿ, ಹೆಪಟೈಟಿಸ್ ರಿಪೋರ್ಟ್ ಜೊತೆಗಿರಲಿ. ಆ ಸೋಂಕಿನ ರಿಪೋರ್ಟ್ ಇಲ್ಲದೆ ಲ್ಯಾಬ್‌ನವರು ಶೇಖರಣೆಗೆ ತಗೊಳ್ಳಲ್ಲ, ಅಲ್ಲೇ ದಿನ ಹಾಳಾಗುತ್ತೆ. ವರ್ಷದ ಶೇಖರಣಾ ಶುಲ್ಕ ಎಷ್ಟು ಅಂತ ಬರಹದಲ್ಲೇ ತಗೊಳ್ಳಿ.