ಸಹಾಯ ಬೇಕು: ಅವ್ವನ ಬೆನ್ನುಮೂಳೆಗೆ ಸ್ಕ್ರೂ ಜೊತೆ ಸಿಮೆಂಟ್ ಹಾಕಿಸಬೇಕಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಯಾದಗಿರಿ ಹತ್ತಿರದ ಹಳ್ಳಿ. ಅವ್ವನಿಗೆ 69 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಬೆನ್ನಿನ ಒಂದು ಮಣಿ ಕುಸಿದಿದೆ. ಬೆಲ್ಟ್ ಕಟ್ಟಿ ಎರಡು ತಿಂಗಳು ಮಲಗಿಸಿ ನೋಡಿದೆವು. ನೋವು ಇಳಿದಿಲ್ಲ, ಈಗ ಕಾಲೂ ಜೋಮು ಹಿಡಿಯುತ್ತಿದೆ. ಮಗ್ಗುಲು ಬದಲಿಸಬೇಕಾದರೂ ಮಂಚದ ಪಟ್ಟಿ ಹಿಡಿದು ಉಸಿರು ಬಿಗಿಹಿಡಿಯುತ್ತಾಳೆ. ನೋಡಲಾಗುತ್ತಿಲ್ಲ.

ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವ ವಯಸ್ಸಿನವರ ಮೂಳೆಗೆ ಹೋಲಿಸಿದ ಅಂಕ) ಮೈನಸ್ 3.4 ಬಂದಿದೆ. ಮೈನಸ್ 2.5 ಇದ್ದರೇ ಮೂಳೆ ಸವೆತ ಅಂತಾರೆ. ಕಲಬುರಗಿಯ ಡಾಕ್ಟರು ಸ್ಕ್ರೂ, ರಾಡ್ ಹಾಕಬೇಕು ಅಂದರು. ಮೂಳೆ ಟೊಳ್ಳಾಗಿದೆ, ಬರೀ ಸ್ಕ್ರೂ ಸಡಿಲಾಗಬಹುದು, ಅದಕ್ಕೆ ತೂತಿರುವ ಸ್ಕ್ರೂ ಹಾಕಿ ಒಳಗಿನಿಂದ ಸಿಮೆಂಟ್ (ಮೂಳೆಯೊಳಗೆ ಹೋಗಿ ಗಟ್ಟಿಯಾಗುವ ಪೇಸ್ಟ್) ಬಿಡುತ್ತಾರಂತೆ. ಹಿಡಿತ ಜಾಸ್ತಿಯಾಗುತ್ತದೆ, ಸರಿ. ಆದರೆ ಸಿಮೆಂಟ್ ಸೋರಿದರೆ ನರಕ್ಕೆ ತಾಗಬಹುದು, ರಕ್ತನಾಳದಿಂದ ಶ್ವಾಸಕೋಶಕ್ಕೂ ಹೋಗಬಹುದು ಅಂತ ಅವರೇ ಹೇಳಿದರು. ಅವ್ವನಿಗೆ ಮೊದಲೇ ದಮ್ಮು ಇದೆ. ನಮ್ಮ ಹೆದರಿಕೆ ಅದೇ.

ಸೋಲಾಪುರದಲ್ಲಿ ತೋರಿಸಿದರೆ, ಮೊದಲು ಕೆಲವು ತಿಂಗಳು ಟೆರಿಪ್ಯಾರಟೈಡ್ ಇಂಜೆಕ್ಷನ್ ಕೊಟ್ಟು ಮೂಳೆ ಗಟ್ಟಿ ಮಾಡಿ, ಆಮೇಲೆ ಆಪರೇಷನ್ ಅಂದರು. ಕಾಲು ಜೋಮು ಇರುವಾಗ ಅಷ್ಟು ದಿನ ಕಾಯೋದು ಹೇಗೆ?

ದಮ್ಮು ಇರುವ ಹಿರಿಯರಿಗೆ ಸಿಮೆಂಟ್ ಸ್ಕ್ರೂ ಹಾಕಿಸಿದವರು ಇದ್ದೀರಾ? ಆಮೇಲೆ ಉಸಿರಾಟ ಹೇಗಿತ್ತು? ಗ್ರೂಪಿನಲ್ಲಿ ಡಾಕ್ಟರು, ನರ್ಸ್ ಇದ್ದರೆ ದಯವಿಟ್ಟು ಹೇಳಿ: ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ನಾವು ಏನೇನು ಕೇಳಬೇಕು?