ಮೈಸೂರಿನ ಅಪ್ಪನ ಮನೆ ಮಾರಬೇಕು: ಏಜೆಂಟ್ ಮೂಲಕ ಹೋಗೋದಾ, ನಾವೇ ಮಾರೋದಾ?

ಪುಣೆವಾಸಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕುವೆಂಪುನಗರದಲ್ಲಿ ನಮ್ಮ ತಂದೆ ಕಟ್ಟಿಸಿದ ಮನೆ ಇದೆ. 30x40 ಸೈಟು, ಪೂರ್ವದ ಬಾಗಿಲು, ಮಹಡಿ ಮೇಲೆ ಒಂದು ಬಾಡಿಗೆ ಮನೆ. ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಬರುವುದಕ್ಕೂ ಮುಂಚೆ, ಅದರ ಜಾಗದಲ್ಲಿ ಸಿಐಟಿಬಿ ಇದ್ದಾಗ ಮಂಜೂರಾದ ಸೈಟು. ಅಪ್ಪ ವಿಲ್ ಬರೆಯದೆ ತೀರಿಕೊಂಡರು. ಅಮ್ಮ ಈಗ ನನ್ನ ಜೊತೆ ಪುಣೆಯಲ್ಲಿದ್ದಾರೆ, ತಂಗಿ ಶಿವಮೊಗ್ಗದಲ್ಲಿದ್ದಾಳೆ. ಮೂವರೂ ಮಾರಲು ಒಪ್ಪಿದ್ದೇವೆ.

ಪಕ್ಕದ ಮನೆಯವರು 1.30 ಕೋಟಿಗೆ ಕೇಳುತ್ತಿದ್ದಾರೆ. "ಮಧ್ಯೆ ಬ್ರೋಕರ್ ಯಾಕೆ, ನಾವು ನಾವೇ ಮಾತಾಡಿ ಮುಗಿಸೋಣ" ಅಂತಾರೆ. ತಂಗಿಯ ಪರಿಚಯದ ಏಜೆಂಟ್ ಒಬ್ಬರು ಒಂದೂವರೆ ಕೋಟಿಗೆ ಹೋಗುತ್ತದೆ, ನಮ್ಮ ಕಡೆಯಿಂದ ಶೇ 1 ಕೊಡಿ ಅಂತ ಹೇಳುತ್ತಿದ್ದಾರೆ. ಅಂದರೆ ಒಂದೂವರೆ ಲಕ್ಷ. ಅಷ್ಟು ಕೊಟ್ಟರೆ ನಮಗೆ ನಿಜವಾಗಿ ಏನು ಸಿಗುತ್ತದೆ? ಇಂಥದ್ದರಲ್ಲಿ ಅನುಭವ ಇರುವವರು ಹೇಳಿ.

ಹಾಸನದ ಹುಡುಗ:

ನನ್ನ ಪ್ರಕಾರ ಬೇಡ ಸರ್. ಆಸ್ತಿ ವೆಬ್‌ಸೈಟ್‌ಗಳಲ್ಲಿ ನೀವೇ ಫೋಟೋ ಹಾಕಬಹುದು. ಪತ್ರ ಬರೆಯೋದು ಡೀಡ್ ರೈಟರ್, ಕಾಗದ ನೋಡೋದು ವಕೀಲರು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಆಸ್ತಿ ಮೇಲಿನ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರ) ಸಿಗುತ್ತದೆ, ರಿಜಿಸ್ಟ್ರೇಷನ್ ದಿನಕ್ಕೆ ಸ್ಲಾಟ್ ಕೂಡ ಅಲ್ಲೇ ಬುಕ್ ಆಗುತ್ತದೆ. ಗಿರಾಕಿ ಪಕ್ಕದ ಮನೆಯಲ್ಲೇ ಇರುವಾಗ ಸುಮ್ನೆ ಒಂದೂವರೆ ಲಕ್ಷ ಯಾಕೆ?

ಸುಮಾ, ಮೈಸೂರು:

ಪುಣೆವಾಸಿಯವರೇ, ಏಜೆಂಟ್ ಬೇಕೇ ಬೇಕು ಅಂತ ನಾನು ಹೇಳುತ್ತೇನೆ. ನೀವು ಊರಲ್ಲಿಲ್ಲ, ಮನೆ ಹಳೆಯದು, ಸಹಿ ಹಾಕುವವರು ಮೂವರು. ಕಳೆದ ವರ್ಷ ಸರಸ್ವತಿಪುರಂನಲ್ಲಿದ್ದ ನಮ್ಮ ಮಾವನವರ ಮನೆ ಮಾರಿದೆವು. ಅಲ್ಲೂ ಹೀಗೇ ಅತ್ತೆ, ನಮ್ಮ ಯಜಮಾನರು, ನಾದಿನಿ, ಮೂರು ಜನ ವಾರಸುದಾರರು. ಆ ಏಜೆಂಟ್ ಮಾಡಿದ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅವರು ಬಂದವರೇ ಗಿರಾಕಿ ಮಾತು ಎತ್ತಲಿಲ್ಲ. ಟೇಪ್ ಹಿಡಿದು ಸೈಟಿನ ನಾಲ್ಕೂ ಕಡೆ ಅಳೆದರು. ಆಮೇಲೆ ಹಜಾರದಲ್ಲಿ ಕೂತು ಕ್ರಯಪತ್ರ, ಖಾತೆ (ಪಾಲಿಕೆಯ ಆಸ್ತಿ ದಾಖಲೆ), ಕಂದಾಯ ರಸೀದಿ ಪಕ್ಕಪಕ್ಕ ಇಟ್ಟು ಹೆಸರು ಓದಿದರು. ಕ್ರಯಪತ್ರದಲ್ಲಿ ಮಾವನವರ ಹೆಸರು ಒಂದು ಥರ, ಖಾತೆಯಲ್ಲಿ ಇನಿಷಿಯಲ್ ಬೇರೆ. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಬೇಕು ಅಂದರು. ಖಾತೆ ಇನ್ನೂ ತೀರಿಹೋದವರ ಹೆಸರಲ್ಲೇ ಇತ್ತು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಬಾಕಿ ಕಂದಾಯ, ಆಮೇಲೆ ಮೂವರ ಹೆಸರಿಗೆ ಖಾತೆ, ಆಮೇಲೆ ಅದರ ಆನ್‌ಲೈನ್ ರೂಪವಾದ ಇ-ಖಾತೆ. ಈ ಸರದಿಯನ್ನು ಒಂದು ಹಾಳೆ ಮೇಲೆ ಬರೆದುಕೊಟ್ಟರು. ಈಗ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ. ಗಿರಾಕಿ ಹಿಡಿದ ಮೇಲೆ ಇದಕ್ಕೆ ಓಡಾಡಲು ಶುರು ಮಾಡಿದರೆ ಕರಾರಿನ ಗಡುವು ದಾಟುತ್ತದೆ. ಆಗ ಕೊಳ್ಳುವವರು ರೇಟು ಇಳಿಸಲು ಶುರು ಮಾಡುತ್ತಾರೆ.

ಇ-ಖಾತೆಯ ಕರಡು ಬಂದಾಗ ಚೆಕ್ಕುಬಂದಿಯಲ್ಲಿ (ಸೈಟಿನ ನಾಲ್ಕೂ ಕಡೆಯ ಗಡಿ ವಿವರ) ಪೂರ್ವ, ಪಶ್ಚಿಮ ಅದಲು ಬದಲಾಗಿತ್ತು. ಮನೆಯವರು ಯಾರೂ ಅದನ್ನು ಗಮನಿಸಿರಲಿಲ್ಲ. ಅವರು ಕಂಡುಹಿಡಿದು ತಿದ್ದಿಸಿದರು.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಕಾವೇರಿಯಲ್ಲಿ ಆನ್‌ಲೈನ್ ಸಿಗುವ ಇಸಿ ಸಾಮಾನ್ಯವಾಗಿ 2004ರಿಂದ ಈಚಿನದು. ಅದರಲ್ಲಿ ನಮ್ಮದು ಚೊಕ್ಕವಾಗಿತ್ತು. ಸಾಲ ಕೊಡುವ ಬ್ಯಾಂಕಿನವರು 30 ವರ್ಷದ್ದು ಕೇಳುತ್ತಾರೆ, ಹಿಂದಿನದನ್ನೂ ತೆಗೆಸಿ ಅಂತ ಏಜೆಂಟ್ ಪಟ್ಟು ಹಿಡಿದರು. ತೆಗೆಸಿ ನೋಡಿದರೆ ಮಾವನವರು ಮನೆ ಕಟ್ಟಲು ಮಾಡಿದ್ದ ಸಾಲದ ಅಡಮಾನ ಹಾಗೇ ನಿಂತಿದೆ! ಸಾಲವನ್ನು ಯಾವಾಗಲೋ ತೀರಿಸಿದ್ದರು, ಮೂಲ ಪತ್ರವೂ ಕೈಗೆ ಬಂದಿತ್ತು. ಆದರೆ ತೀರುವಳಿ ಪತ್ರ ನೋಂದಣಿ ಆಗಿರಲಿಲ್ಲ. ಸಾಲ ಕೊಟ್ಟ ಸಂಸ್ಥೆಯ ಆ ಶಾಖೆ ಬೇರೆ ಶಾಖೆಯಲ್ಲಿ ಸೇರಿಹೋಗಿತ್ತು. ಏಜೆಂಟ್ ನಮ್ಮ ಯಜಮಾನರನ್ನು ಕರೆದುಕೊಂಡು ಹೋಗಿ, ಹಳೇ ಲೆಡ್ಜರ್ ತೆಗೆಸಿ, ಬೇಬಾಕಿ ಪತ್ರ ಕೊಡಿಸಿ, ರಿಜಿಸ್ಟರ್ ಮಾಡಿಸಿದರು. ಇದು ಕೊಳ್ಳುವವರ ವಕೀಲರ ಕಣ್ಣಿಗೆ ಮೊದಲು ಬಿದ್ದಿದ್ದರೆ ವ್ಯವಹಾರ ಅಲ್ಲೇ ನಿಲ್ಲುತ್ತಿತ್ತು.

ರೇಟಿನ ಮಾತಿಗೆ ಬಂದರೆ, ನಮಗೂ ಹಿಂದಿನ ಬೀದಿಯವರು 85 ಲಕ್ಷಕ್ಕೆ ಕೇಳಿದ್ದರು. ಹೋಗಿದ್ದು 1.04 ಕೋಟಿಗೆ. ಅದೇ ಅಡ್ಡರಸ್ತೆಗಳಲ್ಲಿ ಈಚೆಗೆ ಯಾವ ಮನೆ ಎಷ್ಟಕ್ಕೆ ಹೋಯಿತು ಅನ್ನುವುದು ಏಜೆಂಟ್‌ಗೆ ಗೊತ್ತಿತ್ತು. ಸರ್ಕಾರದ ಮಾರ್ಗಸೂಚಿ ಬೆಲೆಯನ್ನೂ, ಜಾಹೀರಾತಿನಲ್ಲಿ ಬರೆದ ಬೆಲೆಯನ್ನೂ ಅವರು ನೆಚ್ಚಲಿಲ್ಲ. ಮನೆ ನೋಡಲು ಬಂದವರಿಗೆಲ್ಲ ಮೊದಲೇ ಎರಡು ಪ್ರಶ್ನೆ ಕೇಳುತ್ತಿದ್ದರು: ಸಾಲ ಎಷ್ಟು, ಬ್ಯಾಂಕಿನಿಂದ ಮಂಜೂರಾತಿ ಪತ್ರ ಇದೆಯಾ? ಅಲ್ಲಿಗೇ ಅರ್ಧ ಜನ ಹಿಂದೆ ಸರಿದರು. ಅತ್ತೆಯವರಿಗೆ ದಿನಾ ಬಾಗಿಲು ತೆಗೆದು ಮನೆ ತೋರಿಸುವ ಕಷ್ಟ ತಪ್ಪಿತು.

ಒಬ್ಬರು ಅರ್ಧ ವೈಟ್, ಅರ್ಧ ಬ್ಲ್ಯಾಕ್ ಅಂದರು. ಇದು ಯಾಕೆ ಬರುತ್ತದೆ ಅಂದರೆ, 45 ಲಕ್ಷ ದಾಟಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು ಸರ್ಚಾರ್ಜು ಸೇರಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು 2 ಆಗಿದೆ. ಕೊಳ್ಳುವವರ ಮೇಲೆ ಒಟ್ಟು 7.6. ಅದನ್ನು ಉಳಿಸಲು ಪತ್ರದಲ್ಲಿ ಕಡಿಮೆ ತೋರಿಸೋಣ ಅನ್ನುತ್ತಾರೆ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ ಅಷ್ಟೇ ಮೊತ್ತ ದಂಡ ಬೀಳಬಹುದು, ಅದೂ ತಗೊಂಡವರ ತಲೆ ಮೇಲೆ. ನಮ್ಮ ಏಜೆಂಟ್ ಫೋನಿನಲ್ಲೇ ಆಗುವುದಿಲ್ಲ ಅಂದರು. ನಾವೇ ಎದುರು ಕೂತಿದ್ದರೆ ದಾಕ್ಷಿಣ್ಯಕ್ಕೆ ಅಷ್ಟು ಖಡಕ್ಕಾಗಿ ಹೇಳಲು ಆಗುತ್ತಿರಲಿಲ್ಲ.

ಹಾಸನದ ಹುಡುಗ ಹೇಳಿದ ಹಾಗೆ ವಕೀಲರು ಬೇಕು, ಡೀಡ್ ರೈಟರ್ ಕೂಡ ಬೇಕು. ಆದರೆ ನಾವು ಕೈಗೆ ಕೊಟ್ಟ ಕಾಗದ ನೋಡಿ ಅವರು ಅಭಿಪ್ರಾಯ ಹೇಳುತ್ತಾರೆ. ಇಲ್ಲದ ಕಾಗದ ಹುಡುಕಿಕೊಂಡು ಪಾಲಿಕೆ ವಲಯ ಕಚೇರಿಗೆ ಯಾರು ಹೋಗುತ್ತಾರೆ? ಪುಣೆಯಿಂದ ನೀವಾ?

ಬ್ಯಾಂಕ್ ಭಟ್ರು:

ಗೃಹಸಾಲ ವಿಭಾಗದಲ್ಲಿ ಕೆಲಸ ಮಾಡಿದವನು ನಾನು. ಸುಮಾ ಅವರು ಹೇಳಿದ ಅಡಮಾನದ ವಿಷಯ ಖಂಡಿತ ನಿಜ, ಎಷ್ಟೋ ಸಾಲದ ಅರ್ಜಿ ಅಲ್ಲೇ ನಿಲ್ಲುತ್ತವೆ. ಇನ್ನೊಂದು ಸೇರಿಸುತ್ತೇನೆ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರು ಶೇ 1 ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯಬೇಕು. ಮಾರುವವರು ಮೂವರಾದರೆ ಮೂರು ಪ್ಯಾನ್ ಮೇಲೆ ಬೇರೆ ಬೇರೆ ಕಟ್ಟಬೇಕು. ಎಲ್ಲವನ್ನೂ ಒಬ್ಬರ ಪ್ಯಾನ್‌ಗೆ ಕಟ್ಟಿಬಿಟ್ಟರೆ ಉಳಿದವರಿಗೆ ರಿಟರ್ನ್ಸ್ ಹಾಕುವಾಗ ಫಜೀತಿ. ಪಳಗಿದ ಏಜೆಂಟ್ ಆದರೆ ಕರಾರಿನಲ್ಲೇ ಮೂವರ ಪಾಲು, ಮೂವರ ಬ್ಯಾಂಕ್ ಖಾತೆ ನಂಬರು ಬರೆಸುತ್ತಾರೆ.

ಪುಣೆವಾಸಿ:

ಸುಮಾ ಅಕ್ಕ, ಭಟ್ರೇ, ತುಂಬಾ ಉಪಕಾರ ಆಯಿತು. ನಮ್ಮ ಖಾತೆಯೂ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಏಜೆಂಟ್ ನಂಬಿಕಸ್ತರಾ ಅಂತ ಹೇಗೆ ತಿಳಿಯೋದು? ಅವರು "ಅಮ್ಮನಿಂದ ನನ್ನ ಹೆಸರಿಗೆ ಒಂದು ಜಿಪಿಎ (ಪರವಾಗಿ ಸಹಿ ಹಾಕುವ ಅಧಿಕಾರಪತ್ರ) ಕೊಡಿಸಿ, ನೀವು ಬರೋದೇ ಬೇಡ" ಅಂತಲೂ ಹೇಳಿದ್ದಾರೆ.

ಸುಮಾ, ಮೈಸೂರು:

ಅದು ಬೇಡವೇ ಬೇಡ! ಏಜೆಂಟ್ ಹೆಸರಿಗೆ ಜಿಪಿಎ ಯಾವತ್ತೂ ಕೊಡಬೇಡಿ. ಅಮ್ಮನಿಗೆ ಪ್ರಯಾಣ ಕಷ್ಟವಾದರೆ ಪುಣೆಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ನಿಮ್ಮ ಹೆಸರಿಗೆ ಮಾಡಿಸಿ. ತಂಗಿ ಶಿವಮೊಗ್ಗದಿಂದ ಬಂದು ತಾವೇ ಸಹಿ ಹಾಕಲಿ. ಮೂಲ ಪತ್ರಗಳನ್ನೂ ಕೈಬಿಡಬೇಡಿ, ಜೆರಾಕ್ಸ್ ಸಾಕು. ಜಿಪಿಎ ಕೇಳಿದವರು ಅಂದಮೇಲೆ ನಾನಾಗಿದ್ದರೆ ಬೇರೆಯವರನ್ನು ಹುಡುಕುತ್ತಿದ್ದೆ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಹೊಸ ಲೇಔಟ್, ಅಪಾರ್ಟ್‌ಮೆಂಟ್ ಪ್ರಾಜೆಕ್ಟ್ ಮಾರುವ ಏಜೆಂಟರಿಗೆ ಕಡ್ಡಾಯ. ನಿಮ್ಮಂಥ ಹಳೇ ಮನೆ ಮಾರಲು ಬೇಕಿಲ್ಲ. ಆದರೂ ಆ ನಂಬರ್ ಇರುವವರಾದರೆ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ ನೋಡಬಹುದು. ಅದಕ್ಕಿಂತ ಮುಖ್ಯ, ಅವರು ಈಚೆಗೆ ಮಾರಿಸಿಕೊಟ್ಟ ಇಬ್ಬರ ಜೊತೆ ಮಾತಾಡಿ. ಕೊಂಡವರ ಜೊತೆ ಅಲ್ಲ, ಮಾರಿದವರ ಜೊತೆ.

ಕಮಿಷನ್ ಮಾತು ಬರವಣಿಗೆಯಲ್ಲಿ ಇರಲಿ. ಎಷ್ಟು ಪರ್ಸೆಂಟ್, ಕೊಳ್ಳುವವರಿಂದಲೂ ತಗೊಳ್ಳುತ್ತಾರಾ, ಕೊಡೋದು ಯಾವಾಗ. ನಾವು ಟೋಕನ್ ಬಂದ ದಿನ ಏನೂ ಕೊಡಲಿಲ್ಲ, ಪೂರ್ತಿ ಹಣವನ್ನು ನೋಂದಣಿ ಮುಗಿದ ಮೇಲೆ ಚೆಕ್ಕಿನಲ್ಲಿ ಕೊಟ್ಟೆವು. ಮೂರು ತಿಂಗಳು ಅವರೊಬ್ಬರಿಗೇ ಅಂತ ಬರೆದುಕೊಟ್ಟೆವು. ನಾಲ್ಕು ಜನಕ್ಕೆ ಹೇಳಿದರೆ ನಾಲ್ಕು ಜನವೂ ನಾಲ್ಕು ರೇಟು ಹೇಳಿ ಮನೆಯ ಬೆಲೆ ಕೆಡಿಸುತ್ತಾರೆ.

ಪಕ್ಕದ ಮನೆಯವರನ್ನು ಕಡೆಗಣಿಸಬೇಡಿ. ಅವರಿಗೆ ಆ ಜಾಗದ ಬೆಲೆ ಬೇರೆಯವರಿಗಿಂತ ಜಾಸ್ತಿ, ಎರಡು ಸೈಟು ಸೇರಿದರೆ 60x40 ಆಗುತ್ತದೆ. ಅವರ ಹೆಸರನ್ನು ಏಜೆಂಟ್ ಜೊತೆಗಿನ ಕಾಗದದಲ್ಲೇ ಬರೆಸಿ: ಇವರೇ ಕೊಂಡರೆ ಕಾಗದಪತ್ರದ ಕೆಲಸಕ್ಕೆ ಅರ್ಧ ಪರ್ಸೆಂಟ್ ಮಾತ್ರ, ಹೊರಗಿನ ಗಿರಾಕಿ ಬಂದರೆ ಒಂದು. ಆಮೇಲೆ ಪಕ್ಕದವರಿಗೆ ಫೋನ್ ಮಾಡಿ, ರೇಟಿನ ವಿಷಯ ಏಜೆಂಟ್ ಜೊತೆ ಮಾತಾಡಿ ಅಂತ ಹೇಳಿಬಿಡಿ. 1.30ಕ್ಕೇ ನಿಲ್ಲುತ್ತಾರಾ, ಮೇಲೆ ಬರುತ್ತಾರಾ, ಗೊತ್ತಾಗುತ್ತದೆ. ಅಷ್ಟರಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿ, ಅದು ಬಂದರೆ ತಾನೇ ಖಾತೆ ಕೆಲಸ ಶುರುವಾಗೋದು.